ಸಾವಿನ ಬಳಿ ಯಾರಿದ್ದಾರೆ?

ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಲು ಬಂದವರಲ್ಲಿ ಹೆಚ್ಚಿನವರು ಕೊಡಂಗಲ್ಲಿನವರೆಗೆ ಹೋಗುವುದಿಲ್ಲ. ಪೇಟೆಯಿಂದ ತುಸು ದೂರದ ಆ ಜಾಗದಲ್ಲಿ ಜೈನ ಗುರುಗಳ ಸಮಾಧಿಗಳಿವೆ. ಮುರಕಲ್ಲಿನಲ್ಲಿ ಕಟ್ಟಿದವು, ಮೇಲೆ ಹೋದಂತೆ ಕಿರಿದಾಗುವ ಮಾಡುಗಳು ಒಂದರ ಮೇಲೊಂದು ಕೂತಿವೆ. ಭಾರತದ ವಾಸ್ತುವಿನ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರಿನ ಕಟ್ಟಡಗಳ ಬಗ್ಗೆ ಬರೆಯುವಾಗ ನೇಪಾಳವನ್ನು ನೆನೆದಿದ್ದ. ಇಲ್ಲಿ ಸಮಾಧಿಯಾದವರೆಲ್ಲ ಸಲ್ಲೇಖನದಿಂದಲೇ, ಅಂದರೆ ಅನ್ನ ನೀರು ಬಿಡುವ ವ್ರತದಿಂದಲೇ, ದೇಹ ಬಿಟ್ಟವರೆಂದು ಹೇಳುವಂತಿಲ್ಲ. ಆದರೆ ಸಾವನ್ನು ವ್ರತವಾಗಿ ಎದುರುಗೊಳ್ಳಬಹುದು ಎಂದು ನಂಬಿದ ಸಮುದಾಯದ ನೆಲ ಇದು. ಇದೇ ಊರಿನಿಂದ ವೇಣೂರು ದಾಟಿ ಬೆಳ್ತಂಗಡಿಗೆ, ಅತ್ತ ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ ಹೋಗುವ ದಾರಿಗಳ ಉದ್ದಕ್ಕೂ ದೇವಸ್ಥಾನ, ದೈವಸ್ಥಾನ, ಇಗರ್ಜಿ, ಮಸೀದಿಗಳಿವೆ. ಅಲ್ಲಿ ಕೈಮುಗಿಯುವ ಬಹುತೇಕರಿಗೆ ತಾನಾಗಿ ಪ್ರಾಣ ಕಳೆದುಕೊಳ್ಳುವುದು ಘೋರ ಪಾಪ. ಹೀಗೆ ಒಂದೇ ಸೀಮೆಯಲ್ಲಿ ಒಬ್ಬರ ವ್ರತದ ಪಕ್ಕದಲ್ಲೇ ಇನ್ನೊಬ್ಬರ ನಿಷೇಧ ಬಾಳುತ್ತಿರುವಾಗ ಒಂದು ಪ್ರಶ್ನೆ ಏಳುವುದು ಸಹಜ: ಅನ್ನ ನೀರು ಬಿಟ್ಟು ಸಾಯುವುದು ಪುಣ್ಯವಾದರೆ, ಬದುಕು ಸಾಕೆಂದು ಸಾಯುವುದು ಪಾಪ ಹೇಗಾಯಿತು? ಇದಕ್ಕೆ ಉತ್ತರ ಯಾವ ಧರ್ಮ ಏನನ್ನು ಒಪ್ಪುತ್ತದೆ, ಏನನ್ನು ಬೇಡವೆನ್ನುತ್ತದೆ ಎಂಬ ಪಟ್ಟಿಯಲ್ಲಿ ಸಿಗುವುದಿಲ್ಲ ಎಂಬುದು ನನ್ನ ವಾದ. ಸಾಯಹೊರಟವರ ಬಳಿ ಯಾರಿದ್ದಾರೆ, ಮರಳಿ ಬರಲು ಅವರಿಗೆ ದಾರಿ ಇಟ್ಟಿದ್ದಾರೆಯೇ ಎಂದು ಈ ನೆಲದ ಪರಂಪರೆಗಳು ಕೇಳಿದವು. ಆ ಪ್ರಶ್ನೆಯನ್ನು ನಾವು ಕೈಬಿಟ್ಟಿದ್ದೇವೆ. ಉಳಿಸಿಕೊಂಡದ್ದು ಪಾಪದ ಮಾತನ್ನು ಮಾತ್ರ.

ಮೊದಲು ಸಲ್ಲೇಖನವನ್ನೇ ನೋಡೋಣ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರ ಅದಕ್ಕೆ ನಾಲ್ಕು ಸಂದರ್ಭಗಳನ್ನು ಹೇಳುತ್ತದೆ: ಉಪಸರ್ಗ (ಮೇಲೆರಗಿದ ವಿಪತ್ತು), ಬರಗಾಲ, ಮುಪ್ಪು, ರೋಗ. ನಾಲ್ಕಕ್ಕೂ ಒಂದೇ ಷರತ್ತು, ಬೇರೆ ಪರಿಹಾರ ಇರಬಾರದು. ಸಾಲ, ಅವಮಾನ, ಮುರಿದ ಪ್ರೀತಿ, ಕಡಿಮೆ ಬಂದ ಅಂಕ, ಮನೆಯ ಜಗಳ ಈ ಪಟ್ಟಿಯಲ್ಲಿಲ್ಲ, ಏಕೆಂದರೆ ಇವೆಲ್ಲಕ್ಕೂ ಪರಿಹಾರವಿದೆ. ಆಹಾರವನ್ನು ಒಮ್ಮೆಲೇ ಬಿಡುವುದೂ ಇಲ್ಲ. ಗಟ್ಟಿ ಊಟದಿಂದ ಹಾಲಿಗೆ, ಹಾಲಿನಿಂದ ತಿಳಿಗಂಜಿಗೆ, ಅಲ್ಲಿಂದ ಬಿಸಿನೀರಿಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ತತ್ತ್ವಾರ್ಥಸೂತ್ರ ಈ ವ್ರತವನ್ನು ಕೆಡಿಸುವ ಐದು ಅತಿಚಾರಗಳನ್ನು ಹೇಳುವಾಗ ಬದುಕಬೇಕೆಂಬ ಆಸೆಯ ಜೊತೆಗೇ ಬೇಗ ಸಾಯಬೇಕೆಂಬ ಆಸೆಯನ್ನೂ ಸೇರಿಸಿದೆ. ಸಾವನ್ನು ಬಯಸುವವನು ಸಲ್ಲೇಖನಕ್ಕೆ ಅರ್ಹನಲ್ಲ ಎಂದಾಯಿತು. ಆ ಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಬೆಲೆಬಾಳುವ ಸರಕು ತುಂಬಿಟ್ಟ ವ್ಯಾಪಾರಿಯ ಹೋಲಿಕೆ ಕೊಡುತ್ತಾರೆ: ಉಗ್ರಾಣಕ್ಕೆ ಅಪಾಯ ಬಂದಾಗ ಅವನು ಮೊದಲು ಉಗ್ರಾಣವನ್ನೇ ಉಳಿಸಲು ನೋಡುತ್ತಾನೆ, ಅದು ಆಗದೆಂದು ಖಚಿತವಾದ ಮೇಲಷ್ಟೇ ಸರಕಿನ ಕಡೆ ತಿರುಗುತ್ತಾನೆ. ದೇಹವನ್ನು ಉಳಿಸುವ ಪ್ರಯತ್ನ ಮೊದಲು ಬರುತ್ತದೆ. ಅದನ್ನು ಬಿಟ್ಟು ನೇರವಾಗಿ ಎರಡನೆಯ ಹಂತಕ್ಕೆ ಹೋಗಲು ಶಾಸ್ತ್ರ ಬಿಡುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕನ್ನಡದ ಹಳೆಯ ಗದ್ಯಕೃತಿ ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಪರಂಪರೆ ಭಗವತೀ ಆರಾಧನೆಯದು. ಆ ಗ್ರಂಥ, ಸಲ್ಲೇಖನ ಹಿಡಿದವರ ಸೇವೆಗೆ ನಿರ್ಯಾಪಕರೆಂಬ ಸಹಾಯಕ ಮುನಿಗಳನ್ನು ಗೊತ್ತುಮಾಡುತ್ತದೆ. ಅನುಕೂಲವಿದ್ದರೆ ಅವರ ಸಂಖ್ಯೆ 48. ನಾಲ್ವರು ನಾಲ್ವರಾಗಿ ಕೆಲಸ ಹಂಚಿದೆ: ಏಳಿಸಿ ಕೂರಿಸಿ ಮಗ್ಗುಲು ಬದಲಿಸುವವರು ಕೆಲವರು, ಧರ್ಮಕಥೆ ಹೇಳುವವರು ಕೆಲವರು, ಆಹಾರ ತರುವವರು, ನೀರು ತರುವವರು, ಮಲಮೂತ್ರ ಶುಚಿ ಮಾಡುವವರು, ಬಾಗಿಲು ಕಾಯುವವರು ಬೇರೆ ಬೇರೆ. ಕಷ್ಟಕಾಲದಲ್ಲಿ ಸಂಖ್ಯೆ ಇಳಿಸಬಹುದು, ಆದರೆ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ನಿರ್ಯಾಪಕನಿದ್ದರೆ ಅವನು ಭಿಕ್ಷೆಗೆ ಹೋದ ಹೊತ್ತಿನಲ್ಲಿ ರೋಗಿ ಒಂಟಿಯಾಗುತ್ತಾನೆ, ಅವನು ಹೋಗದೆ ಉಳಿದರೆ ತಾನೇ ಉಪವಾಸ ಬೀಳುತ್ತಾನೆ. ಸಾವಿರ ವರ್ಷಕ್ಕೂ ಹಿಂದಿನ ಮುನಿಯೊಬ್ಬರು ಕೂತು ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆ ಎಂಬುದೇ ನನ್ನನ್ನು ಕಲಕುತ್ತದೆ. ಅಪ್ಪಣೆಯೂ ಕೇಳಿದ ತಕ್ಷಣ ಸಿಗುತ್ತಿರಲಿಲ್ಲ. ದೇವಚಂದ್ರನ ರಾಜಾವಳಿ ಕಥೆಯಲ್ಲಿ ಬರುವ ಐತಿಹ್ಯದ ಪ್ರಕಾರ, ಸಲ್ಲೇಖನಕ್ಕೆ ಲಕ್ಷಣ ಹೇಳಿದ ಸಮಂತಭದ್ರರಿಗೇ ಎಷ್ಟು ತಿಂದರೂ ಹಸಿವು ತೀರದ ಭಸ್ಮಕ ರೋಗ ಬಂದಿತ್ತು. ಅವರು ಗುರುವಿನಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರು ಕೊಡಲಿಲ್ಲ. ನಿನ್ನಿಂದ ಆಗಬೇಕಾದದ್ದು ಇನ್ನೂ ಇದೆ, ಮುನಿದೀಕ್ಷೆಯನ್ನಾದರೂ ಬದಿಗಿಟ್ಟು ಹೊಟ್ಟೆ ತುಂಬ ಉಂಡು ರೋಗ ವಾಸಿ ಮಾಡಿಕೋ ಎಂದು ಕಳಿಸಿದರು. ಐತಿಹ್ಯವನ್ನು ಚರಿತ್ರೆಯೆಂದು ನಂಬಬೇಕಿಲ್ಲ. ಆದರೆ ದೀಕ್ಷೆಯ ಕಟ್ಟಳೆ ಮುರಿದರೂ ಚಿಂತೆಯಿಲ್ಲ, ಜೀವ ಉಳಿಯಲಿ ಎಂದ ಗುರುವಿನ ಕಥೆಯನ್ನು ಆ ಸಮುದಾಯ ಶತಮಾನಗಳ ಕಾಲ ಹೇಳಿಕೊಂಡು ಬಂದಿತು ಎಂಬುದು ಚರಿತ್ರೆಯೇ.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ಶಾಸ್ತ್ರದಲ್ಲಿ ಬರೆದದ್ದೆಲ್ಲ ಮನೆಯಲ್ಲಿ ನಡೆಯುತ್ತದೆಯೇ? ರಾಜಸ್ಥಾನ ಹೈಕೋರ್ಟಿನ ಮುಂದೆ 2006ರಲ್ಲಿ ಬಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಹಿಂದೆ ಈ ಸಂಶಯವೇ ಇತ್ತು. 2015ರ ಆಗಸ್ಟ್ 10ರಂದು ಆ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಯ ಪ್ರಯತ್ನವೆಂದೇ ಪರಿಗಣಿಸಬೇಕೆಂದಿತು. ದೇಶದ ಉದ್ದಗಲಕ್ಕೆ ಜೈನರು ಬೀದಿಗಿಳಿದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತೀರ್ಪಿಗೆ ತಡೆ ನೀಡಿತು. ಧರ್ಮದ ಮೇಲಿನ ದಾಳಿ ಎಂದು ಆ ಅರ್ಜಿಯನ್ನು ತಳ್ಳಿಹಾಕಿದರೆ ಸಾಲದು. ನಮ್ಮ ಶಾಸನಗಳಲ್ಲೇ ಕಷ್ಟದ ಉದಾಹರಣೆಗಳಿವೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದು, ತನ್ನ ಗುರುಗಳ ಸಮ್ಮುಖದಲ್ಲಿ ಸನ್ಯಸನ ಹಿಡಿದು ಒಂದು ತಿಂಗಳ ಉಪವಾಸದ ನಂತರ ದೇಹ ಬಿಟ್ಟಳೆಂದು ಅಲ್ಲಿನ ಶಾಸನ ಹೇಳುತ್ತದೆ. ಮಗಳನ್ನು ಕಳೆದುಕೊಂಡ ದುಃಖ ಸಮಂತಭದ್ರರ ನಾಲ್ಕು ಕಾರಣಗಳಲ್ಲಿ ಇಲ್ಲ. ಗುರುಗಳಿದ್ದರು, ವಿಧಿಯಿತ್ತು, ಆದರೂ ಅಲ್ಲಿ ನಿಯಮ ಸಡಿಲಗೊಂಡಿತ್ತು ಎಂದೇ ನನಗೆ ಅನ್ನಿಸುತ್ತದೆ. ಅವಳಿಗೆ ಬೇಡವೆನ್ನುವ ಗುರುವೊಬ್ಬ ಬೇಕಾಗಿತ್ತು.

ಈ ಆಕ್ಷೇಪವನ್ನು ಇನ್ನೂ ಮುಂದೆ ಒಯ್ಯಬಹುದು. ಬಳಿಯಲ್ಲಿ ಜನ ಇರುವುದೇ ಒಳ್ಳೆಯ ಸಾವಿನ ಗುರುತಾದರೆ, ಸಹಗಮನದ ಹೊತ್ತಿಗೆ ಊರಿಗೆ ಊರೇ ನೆರೆದಿರುತ್ತಿತ್ತಲ್ಲ? ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಮಾಸ್ತಿಕಲ್ಲುಗಳು ನಿಂತಿವೆ. ಒಡೆಯನ ಜೊತೆಗೆ ಪ್ರಾಣ ಬಿಡುತ್ತೇವೆಂದು ವೇಳೆ ತೊಟ್ಟ ಲೆಂಕರು, ಗರುಡರು ಇದ್ದರು; ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಕಂಬ ಅದಕ್ಕೆ ಸಾಕ್ಷಿ. ಇವೆಲ್ಲ ಎಲ್ಲರೆದುರು ನಡೆದ, ಮೆರವಣಿಗೆ ಕಂಡ, ಕಲ್ಲಿನಲ್ಲಿ ಹೊಗಳಿಸಿಕೊಂಡ ಸಾವುಗಳು. ಇಲ್ಲಿ ಸಮುದಾಯ ಬಳಿಯಲ್ಲಿತ್ತು, ಆದರೆ ನಿಂತದ್ದು ಮನೆಗೆ ಮರಳುವ ದಾರಿಗೆ ಅಡ್ಡವಾಗಿ. ಆದ್ದರಿಂದ ಜೊತೆಗಾರರಿದ್ದರೆ ಸಾಕು ಎನ್ನಲಾಗದು. ಆ ಜೊತೆ ಹೊರಟವರನ್ನು ಹಿಂದಕ್ಕೆ ಕರೆಯಬಲ್ಲದೇ, ಹಿಂದಿರುಗಿದವರನ್ನು ತಲೆ ತಗ್ಗಿಸದಂತೆ ಬರಮಾಡಿಕೊಳ್ಳಬಲ್ಲದೇ ಎಂಬುದೇ ಒರೆಗಲ್ಲು. ಸಲ್ಲೇಖನ ಹಿಡಿದ ವೃದ್ಧೆಯೊಬ್ಬರು ಐದನೆಯ ದಿನ ಗಂಜಿ ಕೇಳಿದರೆ ಮನೆಯವರು ಸಂತೋಷದಿಂದ ಕೊಡುತ್ತಾರೋ, ಮಾನ ಹೋಯಿತೆಂದು ಮುಖ ಬಾಡಿಸುತ್ತಾರೋ? ಜೈನ ಸಮಾಜದ ಹಿರಿಯರು ಈ ಪ್ರಶ್ನೆಯನ್ನು ಬೇರೆಯವರು ಕೇಳುವ ಮೊದಲು ತಾವೇ ಕೇಳಿಕೊಳ್ಳಬೇಕು. ವ್ರತದ ಮೊದಲ ದಿನವೇ ಅಭಿನಂದನೆಯ ಫ್ಲೆಕ್ಸ್ ಕಟ್ಟಿದರೆ ಆ ವೃದ್ಧೆಗೆ ಮರಳುವ ದಾರಿ ಮುಚ್ಚಿದಂತೆಯೇ. ಇಳಿವಯಸ್ಸಿನ, ವಿಧವೆಯಾದ, ಮಕ್ಕಳ ಆಸರೆಯಲ್ಲಿರುವ ಹೆಂಗಸರ ವಿಷಯದಲ್ಲಂತೂ ಸಂಶಯ ಇಟ್ಟುಕೊಂಡೇ ನೋಡುವುದು ಕ್ಷೇಮ.

ಇನ್ನು ನಿಷೇಧಿಸಿದ ಧರ್ಮಗಳ ಕಡೆಗೆ ಬರೋಣ. ಮನುಸ್ಮೃತಿ ಆತ್ಮಹತ್ಯೆ ಮಾಡಿಕೊಂಡವರಿಗೆ ತರ್ಪಣವಿಲ್ಲವೆನ್ನುತ್ತದೆ. ಕುರ್‌ಆನ್ ನಿಮ್ಮನ್ನು ನೀವು ಕೊಂದುಕೊಳ್ಳಬೇಡಿ ಎನ್ನುತ್ತದೆ. ಕ್ರೈಸ್ತರಲ್ಲಿ ಸಂತ ಅಗಸ್ಟೀನರ ಕಾಲದಿಂದ ಇದು ಕೊಲೆಗೆ ಸಮ. ಈ ನಿಷೇಧಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಾವ ಗಳಿಗೆಯಲ್ಲೋ ಇನ್ನು ಸಾಕು ಎನಿಸಿದವರನ್ನು ದೇವರ ಭಯ, ಮಕ್ಕಳ ಮುಖ ತಡೆದು ನಿಲ್ಲಿಸಿರುವುದುಂಟು. ಜೀವ ನಮ್ಮ ಸ್ವಂತ ಆಸ್ತಿಯಲ್ಲ, ನಮ್ಮ ಕೈಗೆ ಒಪ್ಪಿಸಿದ್ದು ಎಂಬ ನಂಬಿಕೆಗೆ ದೊಡ್ಡ ಬಲವಿದೆ. ಆದರೆ ಆ ನಿಷೇಧ ಬದುಕಿರುವವರಿಗಾಗಿ ಇದ್ದದ್ದು. ಕಾಲಕ್ರಮದಲ್ಲಿ ಅದು ಸತ್ತವರಿಗೆ ಶಿಕ್ಷೆಯಾಗಿ, ಅವರ ಮನೆಯವರಿಗೆ ಕಳಂಕವಾಗಿ ತಿರುಗಿತು. ಧರ್ಮಗಳು ತಾವಾಗಿಯೇ ಇದನ್ನು ಕಂಡುಕೊಂಡಿವೆ. ತರ್ಪಣ ನಿರಾಕರಿಸಿದ ಶಾಸ್ತ್ರವೇ ದುರ್ಮರಣ ಹೊಂದಿದವರಿಗಾಗಿ ನಾರಾಯಣ ಬಲಿಯನ್ನು ಹೇಳಿತು. ಅದನ್ನು ಮಾಡಿಸಲು ನಮ್ಮ ಕಡೆಯವರು ಗೋಕರ್ಣಕ್ಕೆ ಹೋಗುತ್ತಾರೆ. ಕಥೊಲಿಕ ಧರ್ಮಸಭೆಯ 1917ರ ಕಾನೂನು ಸಂಹಿತೆ ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಇಗರ್ಜಿಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ಮಾತನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥ, ಮನಸ್ಸಿನ ತೀವ್ರ ಕ್ಷೋಭೆ, ಸಂಕಟ, ಭಯಗಳು ವ್ಯಕ್ತಿಯ ಹೊಣೆಯನ್ನು ತಗ್ಗಿಸುತ್ತವೆ, ಅಂಥವರ ಸದ್ಗತಿಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎನ್ನುತ್ತದೆ. ಇಸ್ಲಾಮಿನಲ್ಲಿ ಪ್ರವಾದಿಯವರು ಇಂಥ ಒಬ್ಬರ ಜನಾಝಾ ನಮಾಝನ್ನು ತಾವು ನಡೆಸಲಿಲ್ಲವೆಂಬ ಹದೀಸ್ ಇದ್ದರೂ, ಸಮುದಾಯ ಆ ನಮಾಝ್ ಮಾಡಬೇಕೆಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕೃತ್ಯ ತಪ್ಪು, ಆದರೆ ಮನುಷ್ಯ ನಮ್ಮವನೇ ಎಂಬಲ್ಲಿಗೆ ಮೂರೂ ದಾರಿಗಳು ಬಂದಿವೆ. ನೆರೆಕರೆಯವರ ಪಿಸುಮಾತು ಮಾತ್ರ ಇನ್ನೂ ಅಲ್ಲಿಗೆ ಬಂದಿಲ್ಲ.

ತುಳುವರಲ್ಲಿ ಈ ಸಂಬಂಧ ಮೊದಲಿನಿಂದಲೂ ಬೇರೆಯಾಗಿತ್ತು. ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಡಿಸುವ ರೂಢಿ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳ ಮನೆಗಳಲ್ಲಿ ಇದೆ. ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಿದ್ದ ಅಡುಗೆ ಬಡಿಸಿ, ಬಾಗಿಲು ಎಳೆದು, ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಮದುವೆಯಾಗದೆ ತೀರಿಕೊಂಡವರಿಗೆ ಕುಲೆ ಮದುವೆ ಮಾಡುವುದೂ ಇದೆ. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ಹೊರಗಿನವರು ಬೆರಗಾದರು. ಇಲ್ಲಿನವರಿಗೆ ಅದರಲ್ಲಿ ಬೆರಗೇನಿರಲಿಲ್ಲ. ತೀರಿಹೋದ ಹುಡುಗಿ ಮನೆಮಗಳಾಗಿಯೇ ಉಳಿದಿದ್ದಳು. ಅನ್ಯಾಯಕ್ಕೆ ಸಿಕ್ಕಿ ಹೋದವರ ವಿಷಯದಲ್ಲಂತೂ ತುಳುನಾಡು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸ ಕಡಿಸಿದ, ಉಳಿದದ್ದರಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕಡೆದ, ತಂಗಿ ಕಲ್ಲುರ್ಟಿ ಅಣ್ಣನ ಅವಸ್ಥೆ ಕಂಡು ಉರಿದೆದ್ದಳು, ಇಬ್ಬರೂ ಮಾಯ ಸೇರಿ ದೈವಗಳಾದರು ಎನ್ನುತ್ತದೆ ಪಾಡ್ದನ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಆದ್ದರಿಂದ ಇದನ್ನು ಚರಿತ್ರೆಯಾಗಿ ಓದುವುದು ಬೇಡ. ಗಮನಿಸಬೇಕಾದದ್ದು ಬೇರೆ. ಸತ್ತವರ ದೂರನ್ನು ಈ ಸಮಾಜ ಹೂತುಹಾಕಲಿಲ್ಲ. ಬಂಟ್ವಾಳದ ಪಣೋಲಿಬೈಲಿನಲ್ಲಿ ಇಂದಿಗೂ ಜನ ಕಲ್ಲುರ್ಟಿಯ ಮುಂದೆ ನಿಂತು ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ. ನೋವುಂಡು ಹೋದವಳು ನೋವಿನಲ್ಲಿರುವವರ ಮಾತು ಕೇಳುವವಳಾಗಿ ಉಳಿದಿದ್ದಾಳೆ.

ಹೀಗೆ ಸತ್ತವರನ್ನು ಹತ್ತಿರವಿಟ್ಟುಕೊಂಡರೆ ಸಾವಿಗೇ ಮೆರುಗು ಬರುವುದಿಲ್ಲವೇ ಎಂಬ ಭಯ ನ್ಯಾಯವಾದದ್ದು. ಸಾವನ್ನು ಮೆರೆಸುವುದು ಅಪಾಯವೆಂದು ಜಗತ್ತಿನಾದ್ಯಂತ ನಡೆದ ಅಧ್ಯಯನಗಳು ಹೇಳಿವೆ. ಸುದ್ದಿಯಾದ ಸಾವಿನ ನಂತರ ಅದನ್ನು ಹೋಲುವ ಸಾವುಗಳು ಹೆಚ್ಚುವುದುಂಟು. ಪ್ರೆಸ್ ಕೌನ್ಸಿಲ್ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳನ್ನು ಒಪ್ಪಿಕೊಂಡು, ವಿಧಾನವನ್ನು ವಿವರಿಸಬೇಡಿ, ಜಾಗವನ್ನು ಎತ್ತಿ ತೋರಿಸಬೇಡಿ, ದೊಡ್ಡ ತಲೆಬರಹ ಬೇಡ ಎಂದು ಪತ್ರಿಕೆಗಳಿಗೆ ಹೇಳಿದ್ದು ಇದೇ ಕಾರಣಕ್ಕೆ. ಕನ್ನಡ ಪತ್ರಿಕೆಗಳು, ಮುಖ್ಯವಾಗಿ ಫೋನಿನಲ್ಲಿ ಓಡುವ ಸ್ಥಳೀಯ ಸುದ್ದಿ ಚಾನೆಲ್‌ಗಳು, ಇದನ್ನು ದಿನವೂ ಮುರಿಯುತ್ತಿವೆ. ಆದರೆ ಹೆಸರು ಹೇಳಿ ಎಲೆ ಹಾಕುವ ತಾಯಿ ಸಾವನ್ನು ಮೆರೆಸುತ್ತಿಲ್ಲ. ಅವಳು ಸತ್ತವನನ್ನು ಮನೆಯಿಂದ ಹೊರಹಾಕಲು ಒಪ್ಪುತ್ತಿಲ್ಲ, ಅಷ್ಟೆ. ಗುಟ್ಟುಮಾಡಿದ ಸಾವಿನ ಭಾರ ಉಳಿದವರ ಮೇಲೆ ಬೀಳುತ್ತದೆ. ಮನೆಯಲ್ಲಿ ಒಬ್ಬರು ಹೀಗೆ ಹೋದ ಮೇಲೆ ಉಳಿದವರಿಗೂ ಅಪಾಯ ಹೆಚ್ಚು ಎಂಬುದು ವೈದ್ಯರು ಬಲ್ಲ ಸಂಗತಿ. ಅಂಥ ಮನೆಗೇ ನಾವು ಕಾಲಿಡದೆ ಉಳಿಯುತ್ತೇವೆ.

ಭಯ ಹೋದರೆ ಸಾವು ಹೆಚ್ಚುತ್ತದೆ ಎಂಬ ವಾದವನ್ನು ಕಾನೂನಿನಲ್ಲಿ ಒರೆಹಚ್ಚಿ ನೋಡಬಹುದು. ಇಂಡಿಯನ್ ಪೀನಲ್ ಕೋಡಿನ 309ನೆಯ ಕಲಂ ಬದುಕುಳಿದವರನ್ನು ಅಪರಾಧಿಯಾಗಿಸಿತ್ತು. 1994ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು, 1996ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಎತ್ತಿಹಿಡಿಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ದಿಕ್ಕನ್ನೇ ಬದಲಿಸಿತು: ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಸರ್ಕಾರಿ ಅಧಿಕಾರಿಯನ್ನು ಮಣಿಸಲು ಹಾಗೆ ಮಾಡಿದರೆ ಮಾತ್ರ ಶಿಕ್ಷೆ ಉಳಿದಿದೆ. 309 ಇದ್ದಷ್ಟು ಕಾಲವೂ ಸಾವುಗಳು ನಿಲ್ಲಲಿಲ್ಲ. ಗಾಯಗೊಂಡವರನ್ನು ಆಸ್ಪತ್ರೆಗೆ ಒಯ್ಯಲು ಮನೆಯವರು ಹೆದರಿದರು, ಒಯ್ದರೂ ಅಪಘಾತವೆಂದು ಬರೆಸಿದರು. ಶ್ರೀಲಂಕಾ 1998ರಲ್ಲೇ ಇಂಥ ಕಾನೂನನ್ನು ತೆಗೆದುಹಾಕಿತು. ಅಲ್ಲಿ 1995ರ ಸುಮಾರಿಗೆ ಲಕ್ಷಕ್ಕೆ 47ರಷ್ಟಿದ್ದ ಆತ್ಮಹತ್ಯೆಯ ಪ್ರಮಾಣ ಹತ್ತು ವರ್ಷಗಳಲ್ಲಿ ಅರ್ಧದಷ್ಟಕ್ಕೆ ಇಳಿಯಿತು. ಇಳಿಕೆಗೆ ಮುಖ್ಯ ಕಾರಣ ಅತಿ ವಿಷದ ಕೀಟನಾಶಕಗಳನ್ನು ಹಂತಹಂತವಾಗಿ ಮಾರುಕಟ್ಟೆಯಿಂದ ತೆಗೆದದ್ದು. ಆದರೆ ಶಿಕ್ಷೆಯ ಭಯ ತೆಗೆದದ್ದರಿಂದ ಸಾವು ಹೆಚ್ಚಲಿಲ್ಲ ಎಂಬುದಂತೂ ಸ್ಪಷ್ಟ. ಕೀಟನಾಶಕ ಕೈಗೆ ಸಿಗದಾಗ ಸಾವು ಇಳಿದದ್ದರಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಸಾಯಬೇಕೆಂಬ ತೀವ್ರತೆ ಬಹಳ ಮಂದಿಯಲ್ಲಿ ಕೆಲ ಹೊತ್ತಿನದು. ಆ ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ. ಅಪ್ಪಣೆ ಕೇಳು, ಕಾಯಿ, ಮೆಟ್ಟಿಲು ಮೆಟ್ಟಿಲಾಗಿ ಹೋಗು ಎಂಬ ನಿಯಮ ಮಾಡಿದ ಹಳಬರಿಗೆ ಇದು ಗೊತ್ತಿತ್ತು.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ನನ್ನ ಜೀವ, ನನ್ನ ನಿರ್ಧಾರ, ನಡುವೆ ಗುರು, ಮನೆ, ವೈದ್ಯರೆಲ್ಲ ಏಕೆ? ವಾಸಿಯಾಗದ ರೋಗದ ಕೊನೆಯಲ್ಲಿರುವವರ ಬಾಯಲ್ಲಿ ಈ ಮಾತಿಗೆ ತೂಕವಿದೆ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರ ನವೆಂಬರಿನಲ್ಲಿ ಅಲ್ಲೇ ನಡೆದ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೆ ನಲವತ್ತೊಂದು ವರ್ಷಕ್ಕೂ ಮಿಕ್ಕಿ ಹಾಸಿಗೆಯಲ್ಲೇ ಉಳಿದರು. ದಯಾಮರಣಕ್ಕಾಗಿ ಬಂದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅವರ ಪರವಾಗಿ ಮಾತಾಡುವ ಹಕ್ಕು ಯಾರದೆಂದು ಕೇಳಿಕೊಂಡು, ಅಷ್ಟು ವರ್ಷ ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದೇ ಎಂದಿತು. 2018ರ ಮಾರ್ಚ್ 9ರ ತೀರ್ಪು ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ಚೇತರಿಕೆಯ ಆಸೆ ಇಲ್ಲದಾಗ ಕೃತಕ ಜೀವಾಧಾರ ಬೇಡವೆಂದು ಮುಂಚಿತವಾಗಿ ಬರೆದಿಡಲು ಅವಕಾಶ ಕೊಟ್ಟಿತು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಆ ವ್ಯವಸ್ಥೆಯಲ್ಲೂ ಒಬ್ಬರೇ ನಿರ್ಧರಿಸುವಂತಿಲ್ಲ: ಎರಡು ವೈದ್ಯಕೀಯ ಮಂಡಳಿಗಳಿವೆ, ಹತ್ತಿರದವರ ಒಪ್ಪಿಗೆ ಬೇಕು, ಬರೆದಿಟ್ಟದ್ದನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ನ್ಯಾಯಾಲಯ ಸಂವಿಧಾನದಿಂದ ಹೊರಟು ತಲುಪಿದ ಜಾಗ ಭಗವತೀ ಆರಾಧನೆಯ ನಿರ್ಯಾಪಕರಿಗೆ ಬಹಳ ದೂರವೇನಲ್ಲ. ಸ್ವಾತಂತ್ರ್ಯವೆಂಬುದು ಇಂಥ ಕಡೆ ಯೋಚಿಸಲು ಸಮಯ, ಮನಸ್ಸು ಬದಲಿಸಲು ಅವಕಾಶ, ನೋವಿಗೆ ಮದ್ದು, ಕೇಳಿಸಿಕೊಳ್ಳುವ ಮನುಷ್ಯರು ಎಲ್ಲ ಸೇರಿದ ಮೇಲಷ್ಟೇ ಅರ್ಥ ಪಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಒಂಟಿಯಾಗಿ, ಸಾಲದವರ ಫೋನಿಗೆ ನಡುಗುತ್ತಾ ಕೂತವನ ಮುಂದೆ ಸ್ವಾತಂತ್ರ್ಯದ ಮಾತಾಡುವುದು ಅವನನ್ನು ಇನ್ನಷ್ಟು ಒಂಟಿಯಾಗಿಸುವುದು.

ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು, ಕರ್ನಾಟಕದಲ್ಲಿ 13,606. ದಾಖಲಾದ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಅನಾರೋಗ್ಯ ಶೇ 18.4. ಪೊಲೀಸ್ ದಾಖಲೆಯ ಒಂದು ಸಾಲಿನ ಕಾರಣವನ್ನು ಪೂರ್ತಿ ನಂಬಲಾಗದು, ಆದರೂ ಅರ್ಧಕ್ಕರ್ಧ ಸಾವುಗಳ ಹಿಂದೆ ಇನ್ನೊಬ್ಬರು ಕೈ ಹಾಕಬಹುದಾಗಿದ್ದ ಸಂಕಟಗಳೇ ಇವೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಗೆ ನೋಡಿ. ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಿವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಏಳಲಾರದ, ಮಾತು ಬಾರದ ಮಕ್ಕಳನ್ನು ಇಪ್ಪತ್ತು ಮೂವತ್ತು ವರ್ಷ ಎತ್ತಿ ಮಲಗಿಸಿ ಉಣಿಸಿದ ತಾಯಂದಿರು ಅಲ್ಲಿದ್ದಾರೆ. ತಾನು ಸತ್ತ ಮೇಲೆ ಈ ಮಗುವಿಗೆ ಯಾರು ಎಂಬ ಚಿಂತೆ ಹೊತ್ತ ತಾಯಿಗೆ ಪಾಪಪುಣ್ಯದ ಉಪದೇಶದಿಂದ ಆಗುವುದೇನೂ ಇಲ್ಲ. ಕೊಕ್ಕಡದ ಪಾಲನಾ ಕೇಂದ್ರ ಹಗಲು ಹೊತ್ತು ಆ ಮಕ್ಕಳನ್ನು ನೋಡಿಕೊಂಡರೆ ಅವಳಿಗೆ ಉಸಿರಾಡಲು ನಾಲ್ಕು ಗಂಟೆ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಅದು ಆತ್ಮಹತ್ಯೆ ತಡೆಯುವ ಕೆಲಸವೇ. ಕಿರುಸಾಲದ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ತಂದ ಸುಗ್ರೀವಾಜ್ಞೆ, ಎಸ್ಸೆಸ್ಸೆಲ್ಸಿ ಪಿಯುಸಿ ಮಕ್ಕಳಿಗೆ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟದ್ದು, ಇವೂ ಅದೇ ಜಾತಿಯವು. ಹಾಸ್ಟೆಲುಗಳು ತುಂಬಿರುವ ಮೂಡುಬಿದಿರೆಯಂಥ ವಿದ್ಯಾಕೇಂದ್ರದಲ್ಲಿ ಫಲಿತಾಂಶದ ವಾರ ವಾರ್ಡನ್‌ಗಳು ರಜೆ ಹಾಕದಿರುವುದು ಯಾವ ಪ್ರವಚನಕ್ಕಿಂತಲೂ ದೊಡ್ಡದು.

ಜೊತೆಗಾರರಿಂದ ನಿಜವಾಗಿ ಜೀವ ಉಳಿಯುತ್ತದೆಯೇ ಎಂದು ಕೇಳುವವರಿಗೆ ಪುರಾವೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕೇಂದ್ರಗಳಲ್ಲಿ, ಪ್ರಯತ್ನಿಸಿ ಬದುಕುಳಿದ 1,867 ಮಂದಿಯನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿತು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲು ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಸುಮಾರು ಒಂದು ಗಂಟೆಯ ಮಾತುಕತೆ, ನಂತರ ಹದಿನೆಂಟು ತಿಂಗಳಲ್ಲಿ ಒಂಬತ್ತು ಬಾರಿ ಫೋನು ಅಥವಾ ಮನೆಭೇಟಿ. ಹೇಗಿದ್ದೀರಿ, ಏನಾದರೂ ಬೇಕೇ ಎಂದು ಕೇಳುವುದು. ಮೊದಲ ಗುಂಪಿನಲ್ಲಿ ಮುಂದೆ ಆತ್ಮಹತ್ಯೆಯಿಂದ ಸತ್ತವರು ಶೇ 2.2, ಎರಡನೆಯದರಲ್ಲಿ ಶೇ 0.2. ದುಬಾರಿ ಔಷಧಿಯಿಲ್ಲ, ಯಂತ್ರವಿಲ್ಲ. ಇದನ್ನು ನಮ್ಮಲ್ಲಿ ಮಾಡಲು ಬೇಕಾದವರು ಈಗಾಗಲೇ ಇದ್ದಾರೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮನೋವೈದ್ಯರ ಭೇಟಿ ಇದೆ, ಊರೂರಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಇಲ್ಲದಿರುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಆ ಒಂಬತ್ತು ಭೇಟಿಗಳ ಏರ್ಪಾಡು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಆಸ್ಪತ್ರೆಗಳು ಹೀಗೆ ದಾಖಲಾದ ಪ್ರತಿಯೊಬ್ಬರಿಗೂ, ಅವರ ಒಪ್ಪಿಗೆ ಪಡೆದು, ಗುಟ್ಟು ಕಾಯುವ ಒಬ್ಬ ತರಬೇತಿ ಪಡೆದ ಕಾರ್ಯಕರ್ತೆಯನ್ನು ಬಿಡುಗಡೆಯ ದಿನವೇ ಗೊತ್ತುಮಾಡಲಿ. ಬಸದಿಯ ಭಟ್ಟಾರಕರು, ಇಗರ್ಜಿಯ ಧರ್ಮಗುರುಗಳು, ಮಸೀದಿಯ ಖತೀಬರು, ದೇವಸ್ಥಾನದ ಅರ್ಚಕರು, ದೈವಸ್ಥಾನದ ಗಡಿಪ್ರಧಾನರು ತಮ್ಮಲ್ಲಿಗೆ ಬರುವ ಮನೆಗಳಲ್ಲಿ ಇಂಥ ಸಾವು ನಡೆದಾಗ ಮೊದಲ ದಿನವೇ ಹೋಗಿ ಕೂರಲಿ. ಹೋದವರು ಪಾಪದ ಮಾತು ಎತ್ತದೆ, ಮನೆಯಲ್ಲಿ ಉಳಿದವರು ಇವತ್ತು ಊಟ ಮಾಡಿದ್ದಾರೆಯೇ, ರಾತ್ರಿ ಅವರ ಜೊತೆ ಯಾರು ಮಲಗುತ್ತಾರೆ ಎಂದು ವಿಚಾರಿಸಲಿ.